ಮಟ್ಟಾಂಚೇರಿಯ ಹಳೇ ಮನೆ ಅಂಗಡಿಗೆ ಹೋಗುವ ಮುಂಚೆ

ಪ್ರಶ್ನೆ: ಮೈಸೂರಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದೇವೆ. ಮುಂದೆ ಸಣ್ಣ ತೋಟಕ್ಕೆ ಜಾಗ ಬಿಟ್ಟಿದ್ದೇವೆ, ತಾರಸಿಯಲ್ಲೂ ಗಿಡ ಇಡುವ ಆಸೆ. ಮುಂದಿನ ತಿಂಗಳು ಕೊಚ್ಚಿಗೆ ಹೋಗುತ್ತಿದ್ದೇವೆ. ಮಟ್ಟಾಂಚೇರಿಯ ಜ್ಯೂ ಟೌನ್‌ನಲ್ಲಿ ಹಳೇ ಮನೆಗಳ ಒಳಗೇ ಆಂಟಿಕ್ ಅಂಗಡಿಗಳಿವೆ, ತೋಟಕ್ಕೆ ಇಡುವ ಸಾಮಾನೂ ಸಿಗುತ್ತದೆ ಎಂದು ಕೇಳಿದ್ದೇನೆ. ಒಂದು ದೊಡ್ಡ ಉರುಳಿ (ಕೇರಳದ ಅಗಲ ಬಾಯಿಯ ಲೋಹದ ಪಾತ್ರೆ), ತಾರಸಿಗೆ ಕಲ್ಲಿನ ಬಾನಿ, ಗೇಟಿನ ಹತ್ತಿರ ನಿಲ್ಲಿಸಲು ಒಂದು ಜೊತೆ ಕಲ್ಲು ಕಂಬ ತರೋಣ ಅಂತಿದ್ದೇವೆ. ನಿಜವಾಗಿ ಹಳೆಯದು ಯಾವುದು, ಹಳೆಯದರ ಹಾಗೆ ಮಾಡಿದ್ದು ಯಾವುದು ಅಂತ ತಿಳಿಯುವುದು ಹೇಗೆ? ಅಮೆರಿಕದಲ್ಲಿರುವ ತಂಗಿಯೂ ಜೊತೆಗೆ ಬರುತ್ತಾಳೆ, ಅವಳಿಗೂ ಏನಾದರೂ ಒಯ್ಯಬೇಕಂತೆ. ನಂಜನಗೂಡಿನ ಹತ್ತಿರ ಅತ್ತೆಯವರ ತೊಟ್ಟಿ ಮನೆ ಬೀಗ ಹಾಕಿ ಬಿದ್ದಿದೆ. ಅದನ್ನು ನೋಡಿ ನೋಡಿಯೇ ನನಗೆ ಈ ಹುಚ್ಚು ಹಿಡಿದಿದ್ದು.
ಓದುಗರೊಬ್ಬರು, ಮೈಸೂರು

ಉತ್ತರ: ಹಳೇ ಮರದ, ಲೋಹದ ಸಾಮಾನು ರಿಪೇರಿ ಮಾಡಿಕೊಂಡು ಬದುಕುವವನು ನಾನು. ನಿಮ್ಮಂಥ ಪಟ್ಟಿ ಹಿಡಿದುಕೊಂಡು ಬರುವವರು ಬಹಳ ಮಂದಿ. ಹೆಚ್ಚಿನವರು ಬರುವುದು ಕೊಂಡ ಮೇಲೆ. ನೀವು ಮುಂಚೆಯೇ ಕೇಳಿದಿರಿ, ಒಳ್ಳೆಯದಾಯಿತು.

ನಿಮ್ಮ ಪಟ್ಟಿಯ ಮೂರರಲ್ಲಿ ಉರುಳಿಯೊಂದನ್ನು ಕೊಚ್ಚಿಯಿಂದ ತನ್ನಿ. ಕಲ್ಲಿನ ಬಾನಿಯನ್ನು ಅಲ್ಲಿ ನೋಡಿ, ಕೈಯಾಡಿಸಿ, ಬೆಲೆ ಕೇಳಿ, ಬಿಟ್ಟು ಬನ್ನಿ. ಕಂಬದ ಸುದ್ದಿಗೆ ಹೋಗಲೇಬೇಡಿ. ಯಾಕೆ ಅಂತ ಹೇಳುತ್ತೇನೆ, ಆದರೆ ಮೊದಲು ಆ ಬೀದಿಯ ವಿಷಯ.

ಜ್ಯೂ ಟೌನ್ ಅಂದರೆ ದೊಡ್ಡ ಪೇಟೆಯೇನೂ ಅಲ್ಲ. ಒಂದು ಕಿರಿದಾದ ಬೀದಿ, ಅದರ ತುದಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಪರದೇಶಿ ಸಿನಗಾಗ್. ಅದನ್ನು ಕಟ್ಟಿದ್ದು 1568ರಲ್ಲಿ. ಪಕ್ಕದಲ್ಲೇ ಕೊಚ್ಚಿ ರಾಜರ ಅರಮನೆ. ಪೋರ್ಚುಗೀಸರು 1555ರಲ್ಲಿ ಕಟ್ಟಿಸಿಕೊಟ್ಟಿದ್ದು, ಆಮೇಲೆ ಡಚ್ಚರು ರಿಪೇರಿ ಮಾಡಿದ್ದಕ್ಕೆ ಡಚ್ ಪ್ಯಾಲೇಸ್ ಎಂಬ ಹೆಸರು ಉಳಿಯಿತು. ಸಿನಗಾಗಿನ ನೆಲಕ್ಕೆ ಚೀನಾದಿಂದ ಬಂದ ನೀಲಿ-ಬಿಳಿ ಹಂಚು ಹಾಸಿದ್ದಾರೆ, ಎಲ್ಲವೂ ಕೈಯಲ್ಲೇ ಚಿತ್ರ ಬರೆದವು. ಶುಕ್ರವಾರ, ಶನಿವಾರ ಬಿಟ್ಟು ಬೇರೆ ದಿನ ಹೋಗಿ. ಇಲ್ಲದಿದ್ದರೆ ಅಂಗಡಿ ನೋಡಿ ವಾಪಸ್ ಬರಬೇಕಾದೀತು.

ಬೀದಿಯ ಎರಡೂ ಕಡೆ ಮಹಡಿ ಮನೆಗಳು ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತಿವೆ. ಕೆಲವು ಕಿಟಕಿಯ ಸರಳಲ್ಲಿ ಆರು ಮೂಲೆಯ ನಕ್ಷತ್ರ ಈಗಲೂ ಇದೆ. ಮುಂದೆ ಮನೆ, ಹಿಂದೆ ಗೋದಾಮು, ಅದರಾಚೆ ಹಿನ್ನೀರು. ಮೆಣಸು, ಒಣ ಶುಂಠಿ ದೋಣಿಯಲ್ಲಿ ಬಂದು ಇಲ್ಲಿ ಇಳಿಯುತ್ತಿತ್ತು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಇಲ್ಲಿಯ ಯಹೂದಿಗಳು ಒಂದೊಂದೇ ಸಂಸಾರವಾಗಿ ಹೊರಟುಹೋದರು. ಮನೆಗಳು ಕೈ ಬದಲಾದವು, ಗೋದಾಮುಗಳು ಖಾಲಿಯಾದವು. ದೊಡ್ಡ ಜಾಗ, ಎತ್ತರದ ಮಾಡು, ಪ್ರವಾಸಿಗರ ಓಡಾಟ. ಹಳೇ ಸಾಮಾನಿನ ವ್ಯಾಪಾರಕ್ಕೆ ಇನ್ನೇನು ಬೇಕು?

ಹೀಗಾಗಿ ಅಂಗಡಿಯೊಳಗೆ ಹೋದಾಗ ಮೊದಲ ಹತ್ತು ನಿಮಿಷ ಸಾಮಾನು ನೋಡಬೇಡಿ. ಮನೆ ನೋಡಿ. ತಲೆ ಎತ್ತಿ ತೊಲೆ ನೋಡಿ, ಹಲಗೆಯ ಮಹಡಿ ನೋಡಿ, ಗೋಡೆಯ ಸುಣ್ಣದ ಗಾರೆ ಎಲ್ಲಿ ಉದುರಿದೆ, ಎಲ್ಲಿ ಸಿಮೆಂಟ್ ಮೆತ್ತಿದ್ದಾರೆ ನೋಡಿ. ಇದು ಸುಮ್ನೆ ಹೇಳುವ ಮಾತಲ್ಲ. ನಿಜವಾಗಿ ಹಳೆಯದಾದ ಮರ ಹೇಗಿರುತ್ತದೆ ಅಂತ ಕಣ್ಣಿಗೆ ಒಂದು ಅಳತೆ ಸಿಗುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಕೈ ತಾಗುವ ಕಡೆ ಮರ ನುಣುಪಾಗಿರುತ್ತದೆ, ತಾಗದ ಕಡೆ ಒರಟು. ಮೆಟ್ಟಿಲು ನಡುವೆ ಸವೆದಿರುತ್ತದೆ, ಗೋಡೆ ಪಕ್ಕ ಸವೆದಿರುವುದಿಲ್ಲ. ಸವೆತಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಅದೇ ಕಣ್ಣಲ್ಲಿ ಆಮೇಲೆ ಪೆಟ್ಟಿಗೆ, ಬಾನಿ, ಉರುಳಿ ನೋಡಿ. ಕಾರಣವಿಲ್ಲದ ಕಡೆ ಸವೆದಿದ್ದರೆ, ಎಲ್ಲ ಕಡೆ ಸಮವಾಗಿ ಸವೆದಿದ್ದರೆ, ಯಾರೋ ಕೂತು ಉಜ್ಜಿದ್ದಾರೆ ಎಂದೇ ಲೆಕ್ಕ.

ಇನ್ನೊಂದು. ಮನೆ ಹಳೆಯದು ಎಂದಮಾತ್ರಕ್ಕೆ ಅದರೊಳಗಿನ ಸಾಮಾನು ಆ ಮನೆಯದ್ದಲ್ಲ. ಇಲ್ಲಿರುವ ಸಾಮಾನು ಎಲ್ಲೆಲ್ಲಿಂದಲೋ ಬಂದಿರುತ್ತದೆ. ಕಾರೈಕುಡಿ ಕಡೆಯ ಚೆಟ್ಟಿಯಾರ್ ಮನೆಗಳನ್ನು ಕೆಡವಿದಾಗ ಸಿಕ್ಕ ಬರ್ಮಾ ತೇಗದ ಬಾಗಿಲು, ಪಿಂಗಾಣಿ ಲೇಪದ ತಟ್ಟೆ ಡಬ್ಬಿ, ಗುಜರಾತಿನ ಮರದ ಕಂಬ, ಜೋಧ್‌ಪುರದಲ್ಲಿ ಹೋದ ವರ್ಷ ತಯಾರಾದ 'ಹಳೇ' ಅಲಮಾರು, ಎಲ್ಲವೂ ಒಂದೇ ಮಾಡಿನ ಕೆಳಗೆ. 'ಇದು ಯಹೂದಿ ಸಾಹುಕಾರರ ಮನೆಯದ್ದು' ಎಂದು ಹೇಳಿದರೆ ಕತೆ ಕೇಳಿ ಸಂತೋಷಪಡಿ. ಕತೆಗೆ ಬೇರೆ ದುಡ್ಡು ಕೊಡಬೇಡಿ.

ಕೈಚೀಲದಲ್ಲಿ ಒಂದು ಸಣ್ಣ ಟಾರ್ಚು, ಒಂದು ಮ್ಯಾಗ್ನೆಟ್, ಅಳತೆ ಟೇಪು, ಒಂದು ಒದ್ದೆ ಬಟ್ಟೆ ಇರಲಿ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟೇ ಸಾಕು. ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಒಳ್ಳೆ ಸಾಮಾನು ಇಟ್ಟಿರುವವರಿಗೆ ನೋಡಿ ಕೊಳ್ಳುವ ಗಿರಾಕಿ ಕಂಡರೆ ಖುಷಿಯೇ.

ಈಗ ಉರುಳಿಗೆ ಬರೋಣ. ಮಲಯಾಳಿಗಳು ಓಡ್ ಅನ್ನುವುದು ನಮ್ಮ ಕಂಚು. ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಹಿತ್ತಾಳೆ ಬೇರೆ, ಅದು ತಾಮ್ರಕ್ಕೆ ಸತು ಸೇರಿಸಿದ್ದು. ಅಂಗಡಿಯಲ್ಲಿ ಎರಡಕ್ಕೂ ಉರುಳಿ ಎಂದೇ ಹೆಸರು, ಆದರೆ ಕೆಜಿಗೆ ಒಂದೇ ಬೆಲೆ ಅಲ್ಲ. ತವರ ದುಬಾರಿ, ಅದಕ್ಕೆ ಕಂಚೂ ದುಬಾರಿ. ಇವೆರಡರ ಜೊತೆಗೆ ಹಿತ್ತಾಳೆ ಬಣ್ಣ ಹೊಡೆದ ಅಲ್ಯುಮಿನಿಯಂ ಉರುಳಿಗಳೂ ಇರುತ್ತವೆ. ಅದು ಕೈಗೆ ಹಗುರ, ಎತ್ತಿದ ಕೂಡಲೇ ಗೊತ್ತಾಗುತ್ತದೆ. ಮ್ಯಾಗ್ನೆಟ್ ಅಂಟಿಕೊಂಡರೆ ಕಬ್ಬಿಣಕ್ಕೆ ಮೇಲೆ ಲೇಪ ಕೊಟ್ಟಿದ್ದಾರೆ ಎಂದರ್ಥ.

ಕಂಚು-ಹಿತ್ತಾಳೆ ಬೇರೆ ಮಾಡಲು ಕಿವಿ ಸಾಕು. ಉರುಳಿ ನೆಲದಲ್ಲೇ ಕೂತಿದ್ದರೆ ಸದ್ದು ಸತ್ತುಹೋಗುತ್ತದೆ. ಅದರ ಒಂದು ಹಿಡಿಗೆ ಹಗ್ಗ ಹಾಕಿಸಿ, ನೆಲ ಬಿಡುವಷ್ಟು ಎತ್ತಿಸಿ. ಚಿಕ್ಕದಾದರೆ ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿಕೊಳ್ಳಿ. ಬೆರಳ ಗೆಣ್ಣಿನಿಂದ ಅಂಚಿಗೆ ಒಂದು ಏಟು ಕೊಡಿ. ಕಂಚಾದರೆ ದೇವಸ್ಥಾನದ ಗಂಟೆಯ ಹಾಗೆ ನಾದ ಎಳೆಯುತ್ತದೆ, ನೀವು ಕೈ ತೆಗೆದ ಮೇಲೂ ಇರುತ್ತದೆ. ಹಿತ್ತಾಳೆ ಟಣ್ ಎಂದು ಬೇಗ ನಿಂತುಬಿಡುತ್ತದೆ. ಜರ್ರ್ ಎಂದು ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಕಂಚು ಗಟ್ಟಿ, ಆದರೆ ಪೆಡಸು. ಹಿತ್ತಾಳೆ ಬಿದ್ದರೆ ತಗ್ಗಾಗುತ್ತದೆ, ಕಂಚು ಬಿದ್ದರೆ ಸೀಳುತ್ತದೆ. ಅದಕ್ಕೇ ಹಳೇ ಉರುಳಿಗಳಲ್ಲಿ ತೇಪೆ ಹಾಕಿದ್ದು ಜಾಸ್ತಿ.

ವಯಸ್ಸು ತಿಳಿಯಲು ಉರುಳಿಯನ್ನು ಬೋರಲು ಹಾಕಿಸಿ. ಒಳಗೆ ಎಷ್ಟು ಬೇಕಾದರೂ ಹೊಳಪು ಕೊಡಬಹುದು, ಅಡಿಯಲ್ಲಿ ಅಷ್ಟು ಸುಲಭ ಅಲ್ಲ. ಕಟ್ಟಿಗೆ ಒಲೆಯ ಮಸಿ ಲೋಹದ ಸಣ್ಣ ಗುಳಿಗಳಲ್ಲಿ ಇಳಿದು ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಹಚ್ಚಿದ ಕಪ್ಪಾದರೆ ಬಟ್ಟೆಗೆ ಬರುತ್ತದೆ, ಹತ್ತಾರು ವರ್ಷದ ಮಸಿಯಾದರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಆಮೇಲೆ ಒಳಗಡೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಟ್ಟುಗ ಆಡಿಸಿದ ಗೀರು ಅಡ್ಡಾದಿಡ್ಡಿ ಇರುತ್ತದೆ, ತಳದಲ್ಲಿ ಜಾಸ್ತಿ, ಅಂಚಿನಲ್ಲಿ ಕಡಿಮೆ. ಎಲ್ಲ ಗೀರೂ ಒಂದರ ಪಕ್ಕ ಒಂದು ಗುಂಡಗೆ ಸಾಲಾಗಿದ್ದರೆ ಅದು ಮೆಷಿನ್ನಿನ ಕೆಲಸ. ಒಳಗೆ ಕಲಾಯಿಯ ಬಿಳುಪು ಅಲ್ಲಲ್ಲಿ ಉಳಿದಿದ್ದರೆ ಹಿತ್ತಾಳೆ ಇರಬಹುದು ಎಂದು ಅನುಮಾನಿಸಿ. ಹುಳಿ ಅಡುಗೆಗೆ ಹಿತ್ತಾಳೆಗೆ ಕಲಾಯಿ ಬೇಕು, ಕಂಚಿಗೆ ಬೇಡ.

ತೇಪೆ ಇದ್ದರೆ ಬೇಡ ಅನ್ನಬೇಡಿ. ನನಗಂತೂ ತೇಪೆ ಇದ್ದ ಉರುಳಿಯೇ ಇಷ್ಟ. ಒಂದು ಮನೆಯವರು ಅದನ್ನು ಎಸೆಯದೆ ರಿಪೇರಿ ಮಾಡಿಸಿದ್ದಾರೆ ಅಂದರೆ ಅದು ಕೆಲಸ ಮಾಡಿದ ಪಾತ್ರೆ. ನೀರು ಸೋರುತ್ತದೆಯಾ ಅಂತ ಮಾತ್ರ ನೋಡಿ. ಅರ್ಧ ನೀರು ತುಂಬಿಸಿ, ಹೊರಗೆ ಒರೆಸಿ, ಕಾಲು ಗಂಟೆ ಬಿಟ್ಟು ಕೈಯಾಡಿಸಿ. ಆ ಹೊತ್ತಿನಲ್ಲಿ ಒಂದು ಚಹಾ ಕುಡಿದು ಬನ್ನಿ.

ಹೊಳಪು ಕೊಟ್ಟ ಉರುಳಿಗಳು ಅಂಗಡಿಯ ಮುಂದೆ ಇರುತ್ತವೆ. ಕೊಡದೇ ಇರುವುದು ಹಿಂದಿನ ಗೋದಾಮಿನಲ್ಲಿ ಒಂದರ ಮೇಲೊಂದು ಬಿದ್ದಿರುತ್ತದೆ. 'ಪಾಲಿಶ್ ಮಾಡದೇ ಇರೋದು ತೋರಿಸಿ' ಎಂದು ಕೇಳಿ. ಕಿಲುಬು ಹಿಡಿದ ಪಾತ್ರೆಯಲ್ಲಿ ಏನು ನಿಜ, ಏನು ಸುಳ್ಳು ಕಾಣುತ್ತದೆ. ಮನೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಆಯಿತು. ತೂಕ ನಿಮ್ಮ ಎದುರಿಗೇ ಹಾಕಿಸಿ.

ಅಲ್ಲಿಗೆ ಹೋದವರು ವಾರ್ಪು ಎಂಬ ದೈತ್ಯ ಪಾತ್ರೆಗಳನ್ನೂ ನೋಡುತ್ತೀರಿ. ದೇವಸ್ಥಾನದ ಊಟಕ್ಕೆ ಪಾಯಸ ಮಾಡುತ್ತಿದ್ದದ್ದು. ನಾಲ್ಕು ಮಕ್ಕಳು ಒಳಗೆ ಕೂತು ಆಟ ಆಡಬಹುದು. ಫೋಟೋ ತೆಗೆಸಿಕೊಳ್ಳಿ, ಕೇಳಿ ತೆಗೆಸಿಕೊಳ್ಳಿ.

ಉರುಳಿಯನ್ನು ತೋಟದಲ್ಲಿ ಇಡುವ ಬಗ್ಗೆ ಒಂದು ಮಾತು, ಇದು ನನ್ನದೇ ಮೂರ್ಖತನದಿಂದ ಕಲಿತದ್ದು. ವರ್ಷಗಳ ಹಿಂದೆ ನಮ್ಮ ಜಗಲಿಯ ಉರುಳಿಗೆ ನೀರು ತುಂಬಿ, ಸೊಳ್ಳೆ ಬಾರದಿರಲಿ ಎಂದು ಹತ್ತು ಗಪ್ಪಿ ಮೀನು ಬಿಟ್ಟೆ. ಮೂರನೇ ದಿನ ಬೆಳಗ್ಗೆ ಹತ್ತೂ ತೇಲುತ್ತಿದ್ದವು. ನೀರು ಕೆಟ್ಟಿತೇನೋ ಎಂದು ಬದಲಿಸಿ ಮತ್ತೆ ಬಿಟ್ಟೆ, ಮತ್ತೆ ಅದೇ ಕತೆ. ಲೋಹದ ಕೆಲಸ ಮಾಡುವವನಿಗೆ ಹೊಳೆಯಬೇಕಿತ್ತು. ತಾಮ್ರ ನೀರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನಮಗೆ ಅದು ಲೆಕ್ಕಕ್ಕೇ ಇಲ್ಲ, ಮೀನಿಗೆ ವಿಷ. ಕಂಚು, ಹಿತ್ತಾಳೆ, ತಾಮ್ರ ಯಾವುದರಲ್ಲೂ ಮೀನು ಬಿಡಬೇಡಿ. ಹೂ ತೇಲಿಸಿ, ದೀಪ ತೇಲಿಸಿ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಒಳಗಿನ ಗೋಡೆಯನ್ನು ನಾರಿನಿಂದ ಉಜ್ಜಿ. ಬರೀ ನೀರು ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಗೆರೆಯ ಮೇಲೆ ಒದ್ದೆಯಾಗಿರುವ ಗೋಡೆಗೆ. ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಇದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಉರುಳಿಗೆ ನೇರವಾಗಿ ಮಣ್ಣು ತುಂಬಿ ಗಿಡ ನೆಡುವುದೂ ಬೇಡ. ನೀರು ಹೋಗಲು ದಾರಿಯಿಲ್ಲ, ಬೇರು ಕೊಳೆಯುತ್ತದೆ. ತೂತು ಮಾಡಿಸುತ್ತೇನೆ ಅಂದಿರೋ, ನನ್ನ ಹತ್ತಿರ ಬರಬೇಡಿ.

ಕಲ್ಲಿನ ಬಾನಿ ವಿಷಯ. ನೀವು ತಾರಸಿಗೆ ಅಂದಿದ್ದೀರಿ, ಅದೇ ನನಗೆ ಹೆದರಿಕೆ. ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಗ್ರಾನೈಟ್ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕೆಜಿ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಬಾನಿ, 3 ಇಂಚು ದಪ್ಪದ ಗೋಡೆ ಅಂದುಕೊಳ್ಳಿ. ಬರೀ ಕಲ್ಲೇ 230 ಕೆಜಿ ದಾಟುತ್ತದೆ. 70 ಲೀಟರ್ ನೀರು ಹಿಡಿಯುತ್ತದೆ. ಒಟ್ಟು 300 ಕೆಜಿ ಆಯಿತಾ? ಅದು ಕೂರುವ ಜಾಗ ನಾಲ್ಕೂವರೆ ಚದರ ಅಡಿ. ಅಂದರೆ ಚದರ ಅಡಿಗೆ 65 ಕೆಜಿಗಿಂತ ಜಾಸ್ತಿ. ಜನ ಓಡಾಡುವ ಮನೆಯ ತಾರಸಿಗೆ ಇಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಭಾರ ಚದರ ಅಡಿಗೆ 15 ಕೆಜಿಯ ಆಸುಪಾಸು. ಒಂದು ಬಾನಿಗೆ ತಾರಸಿ ಕುಸಿದೇಬಿಡುತ್ತದೆ ಎನ್ನುತ್ತಿಲ್ಲ, ಭಾರ ಅಕ್ಕಪಕ್ಕಕ್ಕೂ ಹಂಚಿಕೊಳ್ಳುತ್ತದೆ. ಆದರೆ ನಿಮ್ಮ ಇಂಜಿನಿಯರನ್ನು ಕೇಳದೆ ಇಡಬೇಡಿ. ಕೆಳಗಿನ ತೋಟದಲ್ಲಿ ಇಟ್ಟರೆ ಈ ತಲೆನೋವೇ ಇಲ್ಲ.

ಬಾನಿಯಲ್ಲಿ ಹೊಸದು ಹಳೆಯದು ನೋಡುವುದು ಹೀಗೆ. ಕೈಯನ್ನು ಒಳಗಿನ ಮೂಲೆಗೆ ಹಾಕಿ. ಉಳಿಯಲ್ಲಿ ಕೆತ್ತಿದ ಮೂಲೆ ಗುಂಡಗೆ ಇರುತ್ತದೆ, ಚುಕ್ಕೆ ಚುಕ್ಕೆ ಏಟು ಕೈಗೆ ಸಿಗುತ್ತದೆ. ಕಟಿಂಗ್ ಮೆಷಿನ್ನಿನಲ್ಲಿ ತೆಗೆದದ್ದಾದರೆ ಮೂಲೆಯಲ್ಲಿ ಬ್ಲೇಡು ಗೆರೆ ದಾಟಿ ಹೋದ ಬಿಲ್ಲಿನಂಥ ಗುರುತು ಉಳಿದಿರುತ್ತದೆ. ಅದನ್ನು ಮುಚ್ಚಲು ಮೇಲೆ ಉಳಿ ಆಡಿಸುತ್ತಾರೆ, ಆದರೂ ಮೂಲೆ ಮರೆತಿರುತ್ತಾರೆ. ಆಮೇಲೆ ಅಂಚು. ದನ ಕತ್ತು ಹಾಕಿ ಕಲಗಚ್ಚು ಕುಡಿದ ಬಾನಿಯ ಅಂಚು ಒಂದು ಕಡೆ ಬೆಣ್ಣೆ ಸವರಿದ ಹಾಗೆ ನುಣುಪು, ಗೋಡೆಗೆ ಒರಗಿದ್ದ ಇನ್ನೊಂದು ಕಡೆ ಒರಟು. ಪಾಚಿ, ಕಲ್ಲುಹೂ ನೋಡಿ ಮೋಸಹೋಗಬೇಡಿ. ಮಜ್ಜಿಗೆಗೆ ಸಗಣಿ ಕದಡಿ ಬಳಿದು ನೆರಳಿನಲ್ಲಿ ಇಟ್ಟರೆ ಒಂದು ಮಳೆಗಾಲಕ್ಕೆ ಹಸಿರು ಬರುತ್ತದೆ. ಹಾಗೆ ಬಂದದ್ದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಕಲ್ಲುಹೂ ಗಾಳಿ-ಬಿಸಿಲು ತಾಗಿದ ಕಡೆ ಮಾತ್ರ, ಬಿಲ್ಲೆ ಬಿಲ್ಲೆಯಾಗಿ ಕಚ್ಚಿಕೊಂಡಿರುತ್ತದೆ. ಮಣ್ಣಲ್ಲಿ ಹೂತಿದ್ದ ಅಡಿಭಾಗ ಬೇರೆ ಬಣ್ಣ, ನಡುವೆ ಒಂದು ಗೆರೆ ಎಳೆದ ಹಾಗೆ.

ಇಷ್ಟೆಲ್ಲ ನೋಡಿ ಕಲಿತುಕೊಳ್ಳಿ, ಕೊಳ್ಳುವುದು ಬೇಡ ಅಂದೆನಲ್ಲ. ಮೈಸೂರಿನಿಂದ ಕೊಚ್ಚಿಗೆ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್. ಕೇರಳದ ಹಳೇ ಮನೆಗಳು ಮರದವು, ಮುರಕಲ್ಲಿನವು (ಜಂಬಿಟ್ಟಿಗೆ). ಅಲ್ಲಿ ಮಾರುವ ಗ್ರಾನೈಟ್ ಸಾಮಾನು ಎಷ್ಟೋ ಸಲ ಬೇರೆ ಕಡೆಯಿಂದ ಲಾರಿಯಲ್ಲಿ ಬಂದಿರುತ್ತದೆ. ಅದನ್ನೇ ನೀವು ಮತ್ತೆ ಲಾರಿಗೆ ಹಾಕಿ ಬೆಟ್ಟ ಹತ್ತಿಸುವುದೇ? ಅತ್ತೆಯವರ ತೊಟ್ಟಿ ಮನೆ ಅಂದಿರಿ. ಹಿತ್ತಲಿಗೆ, ಕೊಟ್ಟಿಗೆಗೆ ಯಾವತ್ತಾದರೂ ಹೋಗಿದ್ದೀರಾ? ಆ ಕಡೆಯ ಮನೆಗಳಲ್ಲಿ ಕಲಗಚ್ಚಿನ ಬಾನಿ, ಒರಳು, ಬೀಸುವ ಕಲ್ಲು ಇಲ್ಲದೇ ಇರುವುದು ಅಪರೂಪ. ಲಂಟಾನದ ಪೊದೆ ಸವರಿಸಿ ನೋಡಿ. ಇದ್ದರೂ ನಿಮ್ಮವರನ್ನೆಲ್ಲ ಕೇಳಿಯೇ ತನ್ನಿ. ಕಲ್ಲು ಒರಳಿಗೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಕಂಬ ಬೇಡ ಅಂದದ್ದಕ್ಕೆ ತೂಕ ಒಂದು ಕಾರಣ. 10 ಇಂಚು ಚೌಕದ 7 ಅಡಿ ಕಂಬ 360 ಕೆಜಿ ಮೇಲಾಗುತ್ತದೆ. ಅದನ್ನು ಗೇಟಿನ ಪಕ್ಕ ಸುಮ್ನೆ ನಿಲ್ಲಿಸಲು ಆಗುವುದಿಲ್ಲ, ಎರಡಡಿ ಹೂಳಬೇಕು, ಇಲ್ಲ ಅಡಿಪಾಯ ಬೇಕು. ಮಕ್ಕಳು ಒರಗುವ ಜಾಗ ಅದು. ಇನ್ನೊಂದು ಕಾರಣ ಕಾನೂನು. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆ ಅಂತ ಇದೆ. 100 ವರ್ಷ ತುಂಬಿದ ಶಿಲ್ಪ, ಚಿತ್ರ, ಕುಸುರಿ ಕೆಲಸದ ವಸ್ತು ಪುರಾವಸ್ತು ಅನ್ನಿಸಿಕೊಳ್ಳುತ್ತದೆ. ಕಟ್ಟಡದಿಂದ ಕಿತ್ತು ತೆಗೆದ ಭಾಗವೂ ಅದರಲ್ಲಿ ಬರುತ್ತದೆ. ಹಸ್ತಪ್ರತಿಗಾದರೆ 75 ವರ್ಷ ಸಾಕು. ಇವನ್ನು ಮಾರುವವರಿಗೆ ಲೈಸೆನ್ಸ್ ಬೇಕು. ಕಲ್ಲಿನ, ಲೋಹದ, ಮರದ ಶಿಲ್ಪಗಳಂಥ ಕೆಲವು ಬಗೆಗಳನ್ನು ಭಾರತೀಯ ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು.

ಇದರಲ್ಲಿ ಒಂದು ತಮಾಷೆ ಇದೆ. ಮಾರುವವರು 'ಮೇಡಂ, 200 ವರ್ಷದ ಹಳೇ ಕಂಬ' ಎನ್ನುತ್ತಾರೆ. ಹೌದಾ, ಹಾಗಾದರೆ ಲೈಸೆನ್ಸ್ ತೋರಿಸಿ, ಬಿಲ್ಲಿನಲ್ಲಿ 200 ವರ್ಷ ಅಂತ ಬರೆದುಕೊಡಿ ಎಂದು ಮೆತ್ತಗೆ ಕೇಳಿ. ನಿಮ್ಮ ಕಣ್ಣೆದುರೇ ಕಂಬಕ್ಕೆ ವಯಸ್ಸು ಇಳಿಯುತ್ತದೆ. 80 ಆಗುತ್ತದೆ, 60 ಆಗುತ್ತದೆ, ಕೊನೆಗೆ 'ಹಳೇ ಸ್ಟೈಲ್' ಆಗುತ್ತದೆ. ಬೆಲೆಯೂ ಜೊತೆಯಲ್ಲೇ ಇಳಿಯಬೇಕು, ಅಲ್ವಾ? ಎಷ್ಟಕ್ಕೆ ನಿಂತಿತೋ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ದೇವರ ಮೂರ್ತಿ, ನಾಗರಕಲ್ಲು, ವೀರಗಲ್ಲು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಎಲ್ಲಿಂದ ಎಬ್ಬಿಸಿ ತಂದರೋ ದೇವರಿಗೇ ಗೊತ್ತು. ಆನೆದಂತ ಎಷ್ಟು ಹಳೆಯದಾದರೂ ವ್ಯಾಪಾರ ಮಾಡುವ ಹಾಗಿಲ್ಲ, ಪೆಟ್ಟಿಗೆಯ ಮೇಲೆ ದಂತದ ಸಣ್ಣ ಹೂ ಕೂರಿಸಿದ್ದರೂ ಅಷ್ಟೇ.

ತಂಗಿಯ ವಿಷಯದಲ್ಲಿ ಇನ್ನೂ ಹುಷಾರು. ಪುರಾವಸ್ತುವನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಆಗಬಹುದು. 100 ವರ್ಷ ಆಗಿಲ್ಲದೇ ಇದ್ದರೂ, ಹಳೆಯದರ ಹಾಗೆ ಕಂಡರೆ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸುತ್ತಾರೆ. ಆಗ ಇದು ಪುರಾವಸ್ತು ಅಲ್ಲ ಎಂಬ ಪುರಾತತ್ವ ಇಲಾಖೆಯ ಪತ್ರ ಬೇಕು. ರಜೆಗೆ ಬಂದವರಿಗೆ ಅದಕ್ಕೆ ಓಡಾಡುವ ಪುರುಸೊತ್ತು ಎಲ್ಲಿ? ಆಕೆಗೆ ಹೊಸ ಉರುಳಿ ಕೊಡಿಸಿ. ಆಲಪ್ಪುಳ ಜಿಲ್ಲೆಯ ಮಾನ್ನಾರ್‌ನಲ್ಲಿ ಈಗಲೂ ಮೇಣದ ಅಚ್ಚು ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಕಂಚು ಎರಕ ಹೊಯ್ಯುತ್ತಾರೆ. ಕೆಲಸ ಅದೇ, ಲೋಹ ಅದೇ, ಬಿಲ್ಲು ಹೊಸದು. ಒಂದಡಿ ಅಗಲದ್ದು ಸೂಟ್‌ಕೇಸಿಗೆ ಹಿಡಿಸುತ್ತದೆ, ತೂಕ ಮಾತ್ರ ಮೊದಲೇ ನೋಡಿಕೊಳ್ಳಲಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಎರಡು ಮೂರು ಸಾಮಾನು ಕಣ್ಣಿಗೆ ಬೀಳುತ್ತವೆ, ಅದಕ್ಕೂ ಹೇಳಿಬಿಡುತ್ತೇನೆ.

ಭರಣಿ. ಉಪ್ಪಿನಕಾಯಿ, ಎಣ್ಣೆ ತುಂಬಿಡುತ್ತಿದ್ದ ದೊಡ್ಡ ಜಾಡಿಗಳು. ತೋಟದ ಮೂಲೆಗೆ ಬಹಳ ಚೆಂದ. ಬಡಿದು ನೋಡಿ, ಬಿರುಕಿದ್ದರೆ ಮಣ್ಣಿನ ಮಡಕೆಯಂತೆ ಡಬ್ ಎನ್ನುತ್ತದೆ. ಆದರೆ ದಶಕಗಟ್ಟಲೆ ಉಪ್ಪು ಕುಡಿದ ಜಾಡಿಯಾದ್ದರಿಂದ ಮಳೆಗಾಲದಲ್ಲಿ ಬಿಳಿ ಪುಡಿ ಉಗುಳುತ್ತದೆ, ಅದರ ಜೊತೆ ಮೇಲಿನ ಹೊಳಪೂ ಚಕ್ಕೆ ಚಕ್ಕೆಯಾಗಿ ಏಳಬಹುದು. ಮಾಡಿನ ಕೆಳಗೆ ಇಡಿ. ಮಣ್ಣು ತುಂಬುವ ಬದಲು ಒಳಗೆ ಒಂದು ಪ್ಲಾಸ್ಟಿಕ್ ಕುಂಡ ಇಳಿಬಿಡಿ.

ಎರಕದ ಕಬ್ಬಿಣದ ಬೆಂಚು, ಬ್ರಿಟಿಷರ ಕಾಲದ್ದು ಎನ್ನುತ್ತಾರೆ. ಮ್ಯಾಗ್ನೆಟ್ ಇಡಿ. ಅಂಟದಿದ್ದರೆ ಅಲ್ಯುಮಿನಿಯಂ, ಮಾತು ಮುಗಿಯಿತು.

ಮರದ ಮೇಜು, ಪೆಟ್ಟಿಗೆ. ಗುಂಡು ಮೇಜು ಹಳೆಯದು ಅಂದರೆ ಟೇಪು ಹಿಡಿದು ಎರಡು ಕಡೆ ಅಳೆಯಿರಿ, ಒಮ್ಮೆ ಮರದ ಎಳೆಯ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಳೇ ಗುಂಡು ಮೇಜು ಪೂರ್ತಿ ಗುಂಡಗೆ ಇರುವುದಿಲ್ಲ. ಹುಳು ಕೊರೆದ ತೂತಿಗೆ ಒಂದು ಗುಂಡುಸೂಜಿ ಹಾಕಿ. ಸೂಜಿ ಸರಾಗವಾಗಿ ನೇರ ಇಳಿದರೆ ಅದು ಡ್ರಿಲ್ ಕೊರೆದದ್ದು, ಹುಳು ಎಂದೂ ನೇರ ಹೋಗುವುದಿಲ್ಲ. ಮರದ ಸಾಮಾನನ್ನು ಮಾತ್ರ ತೋಟದಲ್ಲಿ, ಬಿಸಿಲು ಮಳೆಗೆ ಇಡಬೇಡಿ. ನೂರು ವರ್ಷ ಮನೆಯೊಳಗಿದ್ದ ತೇಗ ಮೂರು ಮಳೆಗಾಲಕ್ಕೆ ಸೋಲುತ್ತದೆ.

ಹಂಚು. ಇದು ನಮ್ಮ ಕಡೆಯ ಸಾಮಾನು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆ ಕೆಂಪು ಹಂಚು ಕೇರಳದ ಉದ್ದಕ್ಕೂ ಮನೆಗಳ ಮೇಲೆ ಕೂತಿತು. ಈಗ ಅದನ್ನೇ ಬಿಡಿ ಬಿಡಿಯಾಗಿ ಆಂಟಿಕ್ ಎಂದು ಮಾರುತ್ತಾರೆ, ತೋಟದ ಅಂಚಿಗೆ ನಿಲ್ಲಿಸಲು ಚೆನ್ನಾಗಿರುತ್ತದೆ. ಹಂಚಿನ ಮೈಮೇಲೆ 1865 ಎಂದು ಅಚ್ಚಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹಂಚು ಹುಟ್ಟಿದ ವರ್ಷ ಅಲ್ಲ. ಅದೇ ಅಚ್ಚಿನಲ್ಲಿ ಹತ್ತಾರು ವರ್ಷ ಹಂಚು ಒತ್ತಿದ್ದಾರೆ. ಮಂಗಳೂರು ಕಡೆಯ ನೆಂಟರಿದ್ದರೆ ಮಾಡು ಬದಲಿಸಿದ ಯಾವುದಾದರೂ ಮನೆಯ ಹಿತ್ತಲಲ್ಲಿ ರಾಶಿ ಬಿದ್ದಿರುತ್ತದೆ, ಕೇಳಿ ನೋಡಿ.

ಚೌಕಾಸಿ ಮಾಡಿ, ನಾಚಿಕೆ ಬೇಡ. ಆದರೆ ಒಂದೇ ಅಂಗಡಿಯಲ್ಲಿ ಮೊದಲ ದಿನವೇ ಕೊಳ್ಳಬೇಡಿ. ಒಂದು ದಿನ ನೋಡಿ, ಫೋರ್ಟ್ ಕೊಚ್ಚಿಯಲ್ಲಿ ಮಲಗಿ, ಮಾರನೇ ದಿನ ಬೆಳಗ್ಗೆ ಬಿಸಿಲಿನಲ್ಲಿ ಉರುಳಿಯನ್ನು ಹೊರಗೆ ತರಿಸಿ ಮತ್ತೆ ನೋಡಿ. ಗೋದಾಮಿನ ಹಳದಿ ದೀಪದಲ್ಲಿ ಹಿತ್ತಾಳೆಯೂ ಬಂಗಾರ.

ನಾನು ಇಷ್ಟು ಹೇಳಿದ ಮೇಲೂ ನೀವು ಬಾನಿಯನ್ನು ಅಲ್ಲಿಂದಲೇ ತರುತ್ತೀರಿ ಅಂತ ನನಗೆ ಅನುಮಾನ ಇದೆ. ಎಲ್ಲರೂ ಹಾಗೇ. ತರುವುದಾದರೆ ಬಾಯಿ ಮೇಲಾಗಿ, ಒಣಹುಲ್ಲಿನ ಮೇಲೆ ಕೂರಿಸಿ ಕಟ್ಟಿಸಿ, ಹೊರಡುವ ಮುಂಚೆ ನಾಲ್ಕೂ ಕಡೆ ಫೋಟೋ ತೆಗೆದಿಡಿ. ನನ್ನದೊಂದು ಒರಳು ಲಾರಿ ಆಫೀಸಿನಿಂದ ಅಂಚು ಒಡೆದು ಬಂದಾಗ, ಅದು ಮೊದಲೇ ಒಡೆದಿತ್ತು ಎಂದುಬಿಟ್ಟರು. ತೋರಿಸಲು ನನ್ನ ಹತ್ತಿರ ಫೋಟೋ ಇರಲಿಲ್ಲ. ಸಾಮಾನಿನ ಬೆಲೆ 50,000 ರೂಪಾಯಿ ದಾಟಿದರೆ ರಾಜ್ಯ ದಾಟಲು ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಬೇಕು, ಅಂಗಡಿಯವರೇ ಮಾಡಿಕೊಡಲಿ. ವಯನಾಡಿನ ಮೇಲೆ ಬರುವ ಲಾರಿಯಾದರೆ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಿಡುವುದಿಲ್ಲ. ಅದಕ್ಕೇ ಡ್ರೈವರ್ 'ಬೆಳಗ್ಗೆ ಬರ್ತೀನಿ' ಅಂದರೆ ಹತ್ತು ಗಂಟೆ ಅಂದುಕೊಳ್ಳಿ.

ಕೊಚ್ಚಿಯದೋ ನಂಜನಗೂಡಿನದೋ, ಬಾನಿ ಬರುವ ದಿನ ನಾಲ್ಕು ಜನ, ಎರಡು ಹಳೇ ಟೈರು ರೆಡಿ ಇರಲಿ. ಲಾರಿಯಿಂದ ಟೈರಿನ ಮೇಲೆ ಇಳಿಸಿ, ನೆಲಕ್ಕೆ ನೇರ ಬೇಡ. ಇಡುವ ಜಾಗದಲ್ಲಿ ಮೊದಲೇ ಎರಡು ಸಾಲು ಇಟ್ಟಿಗೆ ಮಟ್ಟ ಮಾಡಿಟ್ಟಿರಿ. ಕೂರಿಸಿದ ಮೇಲೆ ಸರಿಸಿ ನೋಡೋಣ ಅಂದರೆ ಯಾರೂ ಕೈ ಹಾಕುವುದಿಲ್ಲ. ನೀರು ತುಂಬಿ, ಒಂದು ನೈದಿಲೆ ಇಳಿಬಿಡಿ. ಇದರಲ್ಲಿ ಗಪ್ಪಿ ಬಿಡಬಹುದು, ಕಲ್ಲು ಏನೂ ಮಾಡುವುದಿಲ್ಲ.